ಗುಳ್ಳೆ ಎಣಿಸಲು ಹೋಗಿ ಸುತ್ತು ಎಣಿಸಿದ್ದು

ನನ್ನ ಮೊದಲ ಗ್ರಾಫ್‌ನಲ್ಲಿ 2015ರ ಮಾರ್ಚ್ ತಿಂಗಳು ಪ್ಲಾಸ್ಮಾ ಗುಳ್ಳೆಗಳಿಂದ ತುಂಬಿ ತುಳುಕುತ್ತಿತ್ತು. ಅದೇ ವರ್ಷದ ಸೆಪ್ಟೆಂಬರ್ ಹೆಚ್ಚೂಕಡಿಮೆ ಖಾಲಿ. ಭಾರತದ ಮೇಲೆ ಗುಳ್ಳೆಗಳು ಜಾಸ್ತಿ ಏಳುವುದು ಹಗಲು ರಾತ್ರಿ ಸಮವಾಗಿರುವ ಈ ಎರಡು ತಿಂಗಳುಗಳ ಆಸುಪಾಸಿನಲ್ಲೇ. ಹಾಗಾದರೆ ಸೆಪ್ಟೆಂಬರ್‌ಗೆ ಏನಾಯಿತು? ಏನೋ ಹೊಸದು ಸಿಕ್ಕಿತು ಅಂತ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಗುಳ್ಳೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ವಾತಾವರಣದ ಮೇಲ್ಭಾಗದಲ್ಲಿ ಎಲೆಕ್ಟ್ರಾನ್ ಮತ್ತು ಅಯಾನುಗಳಿರುವ ಪದರವೇ ಅಯಾನುಗೋಳ, ಆ ಕಣಗಳ ಮಿಶ್ರಣವೇ ಪ್ಲಾಸ್ಮಾ. ಸೂರ್ಯ ಮುಳುಗಿದ ಕೂಡಲೇ ಅಯಾನುಗೋಳದ ಕೆಳಭಾಗದ ಎಲೆಕ್ಟ್ರಾನ್‌ಗಳು ಬೇಗ ಕರಗುತ್ತವೆ. ಮೇಲಿನ ಪದರ ಮಾತ್ರ ದಟ್ಟವಾಗಿಯೇ ಉಳಿದು, ಸಂಜೆಯ ವಿದ್ಯುತ್ ಕ್ಷೇತ್ರದಿಂದ ಇನ್ನಷ್ಟು ಮೇಲೇರುತ್ತದೆ. ಭಾರ ಮೇಲೆ, ಹಗುರ ಕೆಳಗೆ. ನೀರಿನ ಅಡಿಯಲ್ಲಿ ಎಣ್ಣೆ ಬಿಟ್ಟರೆ ಸುಮ್ನೆ ಕೂರುತ್ತದಾ? ಹಾಗೇ ಕೆಳಗಿನ ತೆಳು ಪ್ಲಾಸ್ಮಾ ಮೇಲಕ್ಕೆ ನುಗ್ಗುತ್ತದೆ. ಜಿಪಿಎಸ್ ಸಿಗ್ನಲ್ ಅದರೊಳಗೆ ಹಾದರೆ ಮಿನುಗುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ.

ನಾನು ಬಳಸಿದ್ದು ಯುರೋಪಿನ ಸ್ವಾರ್ಮ್ ಉಪಗ್ರಹಗಳ ಡೇಟಾ. 2013ರ ನವೆಂಬರ್‌ನಲ್ಲಿ ಹಾರಿದ ಮೂರು ಉಪಗ್ರಹಗಳು. ಡೇಟಾ ಪುಕ್ಕಟೆ. ಅದರಲ್ಲಿರುವ ಲ್ಯಾಂಗ್‌ಮ್ಯೂರ್ ಪ್ರೋಬ್ ಎಂಬ ಉಪಕರಣ ಸೆಕೆಂಡಿಗೆ 2 ಸಲ ಎಲೆಕ್ಟ್ರಾನ್ ಸಾಂದ್ರತೆ ಅಳೆಯುತ್ತದೆ. ಫೈಲಿನ ಒಂದು ಸಾಲಿನಿಂದ ಮುಂದಿನ ಸಾಲಿಗೆ ಉಪಗ್ರಹ ಸುಮಾರು 3.8 ಕಿ.ಮೀ. ಓಡಿರುತ್ತದೆ. ನಾನು ಮೊದಲು ಕಣ್ಣಾರೆ ಕಂಡ ಗುಳ್ಳೆಯಲ್ಲಿ, ಘನ ಸೆಂಟಿಮೀಟರಿಗೆ 10 ಲಕ್ಷದ ಹತ್ತಿರವಿದ್ದ ಸಂಖ್ಯೆ ಕೆಲವೇ ಸಾಲುಗಳಲ್ಲಿ ಕೆಲವು ಸಾವಿರಗಳಿಗೆ ಕುಸಿದಿತ್ತು. ಪ್ರೋಬ್ ಕೆಟ್ಟಿದೆ ಅಂದುಕೊಂಡೆ. ನಾಲ್ಕು ಸಾಲು ದಾಟಿದರೆ ಮತ್ತೆ ಏರಿಕೆ, ಮತ್ತೆ ಇಳಿಕೆ.

ಗುಳ್ಳೆ ಎಣಿಸುವ ಪ್ರೋಗ್ರಾಮ್ ಬರೆಯುವಾಗ ಒಂದು ಸಣ್ಣ ಪೆಟ್ಟು ತಿಂದೆ. ಸಂಜೆ ಕಾಂತೀಯ ಸಮಭಾಜಕದ (ಭೂಮಿಯ ಕಾಂತಕ್ಷೇತ್ರದ ನಡುಗೆರೆ) ಎರಡೂ ಬದಿಯಲ್ಲಿ ಸಾಂದ್ರತೆ ಗುಡ್ಡದಂತೆ ಏಳುತ್ತದೆ, ನಡುವೆ ತಗ್ಗು. ನನ್ನ ಪ್ರೋಗ್ರಾಮ್ ಆ ತಗ್ಗನ್ನೇ ದೊಡ್ಡ ಗುಳ್ಳೆ ಅಂತ ಎಣಿಸುತ್ತಿತ್ತು! ಆ ತಗ್ಗು ಸಾವಿರಾರು ಕಿ.ಮೀ. ಅಗಲ. ಹಾಗಾಗಿ 20 ಸೆಕೆಂಡಿನ ಸರಾಸರಿ ಕಳೆದು, ಉಳಿದ ಏರಿಳಿತವನ್ನಷ್ಟೇ ನೋಡತೊಡಗಿದೆ.

ಗ್ರಾಫ್ ಹಿಡಿದುಕೊಂಡು ಗೈಡ್ ಬಳಿ ಹೋದೆ. ಅವರು ಬಣ್ಣಗಳ ಕಡೆ ನೋಡಲೇ ಇಲ್ಲ.

“ಗುಳ್ಳೆ ಎಷ್ಟು ಅಂತ ಹೇಳ್ತಿದ್ದೀಯ, ಸರಿ. ಸಂಜೆ ಹೊತ್ತು ಉಪಗ್ರಹ ಅಲ್ಲಿ ಎಷ್ಟು ಸಲ ಹೋಗಿತ್ತು?”

“ದಿನಾ ಹೋಗುತ್ತೆ ಸರ್...”

“ದಿನಾ ಹೋಗುತ್ತೆ. ಸಂಜೇನೇ ಹೋಗುತ್ತಾ?”

ಹೋಗುವುದಿಲ್ಲ. ಮೂರರಲ್ಲಿ ಒಂದಾದ ಸ್ವಾರ್ಮ್ ಎ ದಾಟುವ ಸ್ಥಳೀಯ ಸಮಯ 11 ದಿನಕ್ಕೆ ಸುಮಾರು 1 ಗಂಟೆ ಹಿಂದೆ ಸರಿಯುತ್ತದೆ. ದಿನಕ್ಕೆ ಎರಡು ಹೊತ್ತು, 12 ಗಂಟೆ ಅಂತರದಲ್ಲಿ ದಾಟುವುದರಿಂದ, ಎಲ್ಲಾ ಗಂಟೆಗಳನ್ನು ಮುಗಿಸಲು ಹೆಚ್ಚುಕಡಿಮೆ 133 ದಿನ ಬೇಕು. ಆ ಮಾರ್ಚ್‌ನಲ್ಲಿ ಅದು ರಾತ್ರಿ 8ರ ಸುಮಾರಿಗೆ ದಾಟುತ್ತಿತ್ತು, ಗುಳ್ಳೆಗಳು ಏಳುವ ಹೊತ್ತು. ಸೆಪ್ಟೆಂಬರ್‌ನಲ್ಲಿ ದಾಟಿದ್ದು ಇಳಿಮಧ್ಯಾಹ್ನ ಮತ್ತು ನಸುಕಿನಲ್ಲಿ. ಗುಳ್ಳೆ ಇರಲಿಲ್ಲ ಅಂತಲ್ಲ, ಆ ಹೊತ್ತಿಗೆ ನೋಡುವವರೇ ಇರಲಿಲ್ಲ. ನನ್ನ ಹೊಸ ಸಂಶೋಧನೆ ಕಕ್ಷೆಯ ವೇಳಾಪಟ್ಟಿ ಅಷ್ಟೇ.

ಆಮೇಲೆ ಎಣಿಸಿದ್ದು ಸುತ್ತುಗಳನ್ನು. ಭಾರತದ ರೇಖಾಂಶದಲ್ಲಿ ಸಂಜೆ 7ರಿಂದ ನಡುರಾತ್ರಿಯೊಳಗೆ ಹಾದವು ಎಷ್ಟು, ಅದರಲ್ಲಿ ಗುಳ್ಳೆ ಕಂಡವು ಎಷ್ಟು. ಸಂಜೆ ದಾಟುವ ದಿನಗಳಲ್ಲೂ ಸಿಗುವುದು ದಿನಕ್ಕೆ ಒಂದೋ ಎರಡೋ. ಹಲವು ವರ್ಷಗಳನ್ನು ಒಟ್ಟು ಹಾಕದೆ ಗತಿಯಿಲ್ಲ. ಆದರೆ ವರ್ಷಗಳನ್ನು ಬೆರೆಸಿದರೆ ವರ್ಷದಿಂದ ವರ್ಷಕ್ಕೆ ಬದಲಾಗುವ ಸೂರ್ಯನ ಚಟುವಟಿಕೆಯೂ ಬೆರೆಯುತ್ತದೆ, ಅದು ಇನ್ನೊಂದು ತಲೆನೋವು. ಉಪಗ್ರಹ ಹಾರುವ ಸುಮಾರು 460 ಕಿ.ಮೀ. ಎತ್ತರಕ್ಕೆ ಏರದ ಗುಳ್ಳೆಗಳಂತೂ ಲೆಕ್ಕಕ್ಕೇ ಸಿಗವು. ಸ್ವಾರ್ಮ್ ಉತ್ತರ ದಕ್ಷಿಣವಾಗಿ ಓಡುತ್ತದೆ, ಗುಳ್ಳೆಯೂ ಅದೇ ದಿಕ್ಕಿನಲ್ಲಿ ಉದ್ದ. ಪಕ್ಕದಲ್ಲೇ ಗುಳ್ಳೆ ಇದ್ದರೂ ಉಪಗ್ರಹ ತಾಗದೇ ಹೋಗಬಹುದು.

ಈಗ ನನ್ನ ಫೈಲಿನಲ್ಲಿ ಗುಳ್ಳೆಗಿಂತ ಮೊದಲ ಕಾಲಂ ಸುತ್ತುಗಳದ್ದು. 20ಕ್ಕಿಂತ ಕಡಿಮೆ ಸುತ್ತು ಸಿಕ್ಕ ತಿಂಗಳಿಗೆ ಬೂದು ಬಣ್ಣ ಬಳಿದು ಬಿಡುತ್ತೇನೆ. ಜೂನ್‌ನ ಎರಡು ಚೌಕ ಇನ್ನೂ ಬೂದಾಗಿಯೇ ಇವೆ.