ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ

ಶಾಸಕರೊಬ್ಬರ ಆಪ್ತ ಸಹಾಯಕನಾಗಿ ಒಂದು ಪೂರ್ಣ ಅವಧಿ ದುಡಿದೆ. ಶಿಫಾರಸು ಪತ್ರ ಟೈಪ್ ಮಾಡುವುದು, ಮದುವೆ ಆಮಂತ್ರಣಗಳನ್ನು ದಿನಾಂಕವಾರು ಜೋಡಿಸುವುದು, ಬಗರ್ ಹುಕುಂ ಸಮಿತಿಯ ಪಟ್ಟಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವುದು ಎಲ್ಲವೂ ಇತ್ತು. ನನಗೆ ರುಚಿ ಹತ್ತಿದ್ದು ಮಾತ್ರ ಸದನದ ಪ್ರಶ್ನೆ ಬರೆಯುವ ಕೆಲಸದಲ್ಲಿ. ವಿಧಾನಸಭೆಯ 224 ಸದಸ್ಯರಲ್ಲಿ ಗಲಾಟೆ ಮಾಡಿದವರು ಟಿ.ವಿ.ಯಲ್ಲಿ ಕಾಣುತ್ತಾರೆ. ಕ್ಷೇತ್ರಕ್ಕೆ ಕೆಲಸ ತರುವವರು ಬಹುಮಟ್ಟಿಗೆ ಪ್ರಶ್ನೆ ಕೇಳಲು ಬಲ್ಲವರು ಎಂಬುದು ನನ್ನ ಅಭಿಪ್ರಾಯ.

ಶಾಲಾ ಕೊಠಡಿಯನ್ನೇ ತೆಗೆದುಕೊಳ್ಳಿ. ಶಾಸಕರ ನಿಧಿಯಲ್ಲೇ ಕಟ್ಟಿಸಿಬಿಡಿ ಎನ್ನುವವರು ಬಹಳ. ಅದು ವರ್ಷಕ್ಕೆ 2 ಕೋಟಿ ರೂಪಾಯಿ, ಅದೂ ಜಿಲ್ಲಾಧಿಕಾರಿಗಳ ಮೂಲಕ. ಊರೂರಿನ ಸಮುದಾಯ ಭವನಕ್ಕೆ, ರಸ್ತೆಗೆ, ನೀರಿಗೆ ಹಂಚಿದ ಮೇಲೆ ಶಾಲೆಗೆ ಎಷ್ಟು ಉಳಿದೀತು? ಹಣ ಇಲಾಖೆಯಿಂದಲೇ ಬರಬೇಕು.

ಹಳೆಯ ಕಡತಗಳಲ್ಲಿದ್ದ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ‘ಅ) ತಾಲ್ಲೂಕಿನ ಶಾಲಾ ಕೊಠಡಿಗಳು ಶಿಥಿಲಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಇಂಥದ್ದಕ್ಕೆ ಇಲಾಖೆಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ‘ಬಂದಿದೆ’. ಅದರ ಕೆಳಗೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’. ‘ಬಂದಿಲ್ಲ’ ಎಂದರಂತೂ ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’. ಅಲ್ಲಿಗೆ ಶುಭಂ.

ನಾನು ಅಧಿವೇಶನದ ದಿನಾಂಕ ಪ್ರಕಟವಾಗುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಯಾವ ಕೊಠಡಿ ಸೋರುತ್ತದೆ, ಯಾವುದಕ್ಕೆ ಬೀಗ ಬಿದ್ದಿದೆ, ಪ್ರಸ್ತಾವನೆ ಯಾವಾಗ ಹೋಯಿತು ಎಂದು ಬರೆದುಕೊಳ್ಳುತ್ತಿದ್ದೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಉಪನಿರ್ದೇಶಕರಿಗೆ ಹೋದ ಪತ್ರದ ಸಂಖ್ಯೆ ಸಿಕ್ಕರೆ ಅರ್ಧ ಗೆದ್ದಂತೆ. ಆಮೇಲೆ ಪ್ರಶ್ನೆ ಹೀಗೆ: ‘ಸದರಿ ಪ್ರಸ್ತಾವನೆಯು ಪ್ರಸ್ತುತ ಯಾವ ಹಂತದಲ್ಲಿದೆ? ಯಾವ ದಿನಾಂಕದಿಂದ? (ಶಾಲಾವಾರು ಮಾಹಿತಿ ನೀಡುವುದು)’. ಗಮನಕ್ಕೆ ಬಂದಿದೆಯೇ ಎಂದು ಕೇಳುವ ಗೋಜೇ ಇಲ್ಲ, ಬಂದಿರುವುದಕ್ಕೆ ನಮ್ಮ ಬಳಿ ಪತ್ರವೇ ಇದೆಯಲ್ಲ.

ತಮಾಷೆಯೆಂದರೆ, ಎಷ್ಟೋ ಸಲ ಉತ್ತರ ಸದನಕ್ಕೆ ಬರುವ ಮೊದಲೇ ಕಡತ ಮಿಸುಕಾಡುತ್ತಿತ್ತು. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ತಾಲ್ಲೂಕಿಗೆ ಇಳಿಯುತ್ತದೆ. ಮಾಹಿತಿ ಅದೇ ದಾರಿಯಲ್ಲಿ ಮೇಲೆ ಹೋಗಬೇಕು. ಯಾವ ದಿನಾಂಕದಿಂದ ಎಂದು ಬರೆಯಬೇಕಾಗಿ ಬಂದಾಗ, ಕಡತವನ್ನು ತಿಂಗಳುಗಟ್ಟಲೆ ಇಟ್ಟುಕೊಂಡವರಿಗೆ ಇರಿಸುಮುರಿಸು. “ಸರ್, ಆ ಶಾಲೆಯದ್ದು ನಿನ್ನೆಯೇ ಮೇಲೆ ಕಳಿಸಿದ್ದೇವೆ, ಶಾಸಕರಿಗೆ ಸ್ವಲ್ಪ ತಿಳಿಸಿಬಿಡಿ” ಎಂಬ ಕರೆ ಬರುತ್ತಿತ್ತು. ತಿಳಿಸುತ್ತಿದ್ದೆ. ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ಪಡೆಯುತ್ತಿರಲಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಗೆ ಎಲ್ಲರೂ ಹಾತೊರೆಯುತ್ತಾರೆ, ಸಚಿವರನ್ನು ಎದ್ದು ನಿಲ್ಲಿಸಿ ಉಪಪ್ರಶ್ನೆ ಕೇಳಬಹುದಲ್ಲ. ಆದರೆ ಪಟ್ಟಿಯ ಕೆಳಗಿದ್ದರೆ ಸರದಿ ಬರುವಷ್ಟರಲ್ಲಿ ಪ್ರಶ್ನೋತ್ತರ ಅವಧಿ ಮುಗಿದಿರುತ್ತದೆ. ಸದನದಲ್ಲಿ ಧರಣಿಯಿದ್ದರೆ ಅದೂ ಇಲ್ಲ. ಹಾಗಾಗಿ ಅಂಕಿಅಂಶ ಬೇಕಾದವನ್ನು ಲಿಖಿತ ಉತ್ತರಕ್ಕೇ ಕಳಿಸುತ್ತಿದ್ದೆ, ಸಚಿವರ ಬಾಯಿಂದಲೇ ಮಾತು ಬರಬೇಕಾದದ್ದಕ್ಕಷ್ಟೇ ಚುಕ್ಕೆ. ಅಂಥ ದಿನ ಶಾಸಕರ ಕೈಗೆ ಒಂದು ಚೀಟಿ ಕೊಡುತ್ತಿದ್ದೆ: ಶಾಲೆಯ ಹೆಸರು, ಪತ್ರದ ದಿನಾಂಕ, ‘ಯಾವ ತಿಂಗಳೊಳಗೆ ಮಂಜೂರು?’ ಎಂಬ ಒಂದೇ ಉಪಪ್ರಶ್ನೆ. ನಮ್ಮ ಶಾಸಕರು ಭಾಷಣಪ್ರಿಯರು. ಹೆಚ್ಚು ಬರೆದುಕೊಟ್ಟರೆ ಅದಕ್ಕೆ ಪೀಠಿಕೆ ಹಾಕುವುದರಲ್ಲೇ ಸಭಾಧ್ಯಕ್ಷರ ಗಂಟೆ ಮೊಳಗುವ ಅಪಾಯವಿತ್ತು.

ಸಚಿವರು ‘ಮಾಡಿಸಿಕೊಡುತ್ತೇವೆ’ ಎಂದಮೇಲೆ ನನಗೆ ಇನ್ನೊಂದು ಕೆಲಸ. ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯಿದೆ. ಆ ದಿನದ ನಡವಳಿಯ ಪ್ರತಿ ಪಡೆದು, ಸಚಿವರ ಮಾತಿನ ಕೆಳಗೆ ಗೆರೆ ಎಳೆದು, ಶಾಸಕರ ಮುಂದಿನ ಪತ್ರಕ್ಕೆ ಲಗತ್ತಿಸುತ್ತಿದ್ದೆ. ‘ಮಾನ್ಯ ಸಚಿವರು ಸದನದಲ್ಲಿ ಭರವಸೆ ನೀಡಿದಂತೆ’ ಎಂದು ಶುರುವಾಗುವ ಪತ್ರಕ್ಕೆ ಇಲಾಖೆಯಿಂದ ಮರುಪತ್ರ ಬೇಗ ಬರುತ್ತಿತ್ತು. ಅದರ ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೂ ಹೋಗುತ್ತಿತ್ತು, ಮುಂದೆ ಕೊಠಡಿಯ ಬಗ್ಗೆ ಕೇಳಬೇಕಾದವರು ಅವರೇ.