ಬ್ಯಾಚ್ ಫೈಲ್‌ನಲ್ಲಿ ದಿನಾಂಕ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಯ ಅಡಿಕೆಗಳ ದಿನದ ವಹಿವಾಟು ಮುಗಿದ ಮೇಲೆ ಲೆಕ್ಕದ ಫೈಲನ್ನು ಆ ದಿನದ ತಾರೀಖಿನ ಹೆಸರಿನಲ್ಲಿ ನಕಲು ಮಾಡಿಡುವ ಹಳೆಯ ಬ್ಯಾಚ್ ಫೈಲ್ (ವಿಂಡೋಸ್ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ನಡೆಸುವ ಫೈಲ್) ಇದೆಯೆಂದುಕೊಳ್ಳೋಣ. ವರ್ಷಗಟ್ಟಲೆ ಸರಿಯಾಗಿ ನಡೆದದ್ದು ಕಂಪ್ಯೂಟರ್ ಬದಲಿಸಿದ ದಿನವೇ ನಿಂತುಹೋದರೆ, ಅದು ದಿನಾಂಕವನ್ನು ಎಲ್ಲಿಂದ ತೆಗೆದುಕೊಳ್ಳುತ್ತಿದೆ ಎಂಬುದನ್ನೇ ಮೊದಲು ನೋಡಬೇಕು. (ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಕಮಾಂಡ್ ಪ್ರಾಂಪ್ಟ್ ತೆರೆದು ‘ಎಕೋ %ಡೇಟ್%’ ಎಂದು ಕೊಡಿ. ಭಾರತದ ಸೆಟ್ಟಿಂಗ್ ಇರುವಲ್ಲಿ 05-03-2024 ಎಂದು ಬರಬಹುದು; ಅಮೆರಿಕದ ಸೆಟ್ಟಿಂಗ್ ಇರುವಲ್ಲಿ ಅದೇ ದಿನ ‘ಟಿಯುಇ 03/05/2024’ ಎಂದು, ವಾರದ ಹೆಸರಿನ ಮೂರು ಅಕ್ಷರಗಳ ಸಮೇತ ಬರುತ್ತದೆ. ಹಳೆಯ ಫೈಲ್‌ನಲ್ಲಿ ವರ್ಷಕ್ಕಾಗಿ ‘%ಡೇಟ್:~6,4%’ ಎಂದು ಬರೆದಿದ್ದರೆ, ಮೊದಲ ಆರು ಅಕ್ಷರ ಬಿಟ್ಟು ಮುಂದಿನ ನಾಲ್ಕನ್ನು ತೆಗೆದುಕೊ ಎಂದರ್ಥ. ಮೊದಲನೆಯದರಲ್ಲಿ 2024 ಸಿಗುತ್ತದೆ, ಎರಡನೆಯದರಲ್ಲಿ ಸಿಗುವುದು ‘/05/’. ಓರೆಗೆರೆ ಫೈಲಿನ ಹೆಸರಿನಲ್ಲಿ ಇರುವಂತಿಲ್ಲವಾದ್ದರಿಂದ ನಕಲು ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಪರದೆಯ ಮೇಲೆ ಕಾಣುವ ದಿನಾಂಕವನ್ನು ಕತ್ತರಿಸುವುದನ್ನೇ ಬಿಟ್ಟು, ಬೇಕಾದ ರೂಪವನ್ನು ನೇರವಾಗಿ ಕೇಳಿ ಪಡೆಯುವುದು ಒಳ್ಳೆಯದು. ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್ ಎಂಬ ಇನ್ನೊಂದು ಆಜ್ಞಾ ಸಾಧನದಿಂದ ದಿನಾಂಕ ಪಡೆದು ‘ಟುಡೇ’ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಲು ಬ್ಯಾಚ್ ಫೈಲ್‌ನಲ್ಲಿ ಈ ಒಂದು ಸಾಲು ಸಾಕು:

ಫಾರ್ /ಎಫ್ %%ಡಿ ಇನ್ ('ಪವರ್‌ಶೆಲ್ -ನೋಪ್ರೊಫೈಲ್ -ಕಮಾಂಡ್ "ಗೆಟ್-ಡೇಟ್ -ಫಾರ್ಮ್ಯಾಟ್ ವೈವೈವೈವೈ-ಎಂಎಂ-ಡಿಡಿ"') ಡು ಸೆಟ್ ಟುಡೇ=%%ಡಿ

ಇದರಲ್ಲಿ ‘ಎಂಎಂ’ ದೊಡ್ಡಕ್ಷರದಲ್ಲೇ ಇರಬೇಕು. ಸಣ್ಣಕ್ಷರವಾದರೆ ತಿಂಗಳ ಜಾಗದಲ್ಲಿ ನಿಮಿಷ ಬಂದು ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಇರುವುದರಿಂದ ಫೈಲುಗಳು ಹೆಸರಿನ ಕ್ರಮದಲ್ಲಿ ನಿಂತಾಗ ಕಾಲಕ್ರಮದಲ್ಲೂ ನಿಂತಿರುತ್ತವೆ. ಇದೇ ಕೆಲಸಕ್ಕೆ ಹಿಂದೆ ‘ಡಬ್ಲ್ಯುಎಂಐಸಿ’ ಎಂಬ ವಿಂಡೋಸ್‌ನ ಹಳೆಯ ಆಜ್ಞೆಯನ್ನು ಬಳಸುವ ರೂಢಿಯಿತ್ತು. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ತಾನಾಗಿ ಇರುವುದಿಲ್ಲವಾದ್ದರಿಂದ ಈಗ ಅದನ್ನು ನೆಚ್ಚಿಕೊಳ್ಳಬಾರದು.

ತಿಂಗಳ ಸಂಖ್ಯೆಯಿಂದ ಲೆಕ್ಕ ಮಾಡುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಬ್ಯಾಚ್ ಫೈಲ್‌ನಲ್ಲಿ ಲೆಕ್ಕ ಮಾಡುವ ಆಜ್ಞೆಯಾದ ‘ಸೆಟ್ /ಎ’ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಎಂಟರ ಆಧಾರದ ಸಂಖ್ಯೆಯೆಂದು ಓದುತ್ತದೆ. ಆ ಪದ್ಧತಿಯಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ. ಹಾಗಾಗಿ ಜುಲೈವರೆಗೆ ತಕರಾರಿಲ್ಲದೆ ನಡೆದ ಫೈಲ್, ಮಲೆನಾಡಿನಲ್ಲಿ ಮಳೆ ಇನ್ನೂ ಹಿಡಿದಿರುವ ಆಗಸ್ಟ್‌ನಲ್ಲಿ ದೋಷ ತೋರಿಸಿ, ಸೆಪ್ಟೆಂಬರ್‌ನಲ್ಲೂ ಹಾಗೇ ಮಾಡಿ, ಅಕ್ಟೋಬರ್ ಬಂದೊಡನೆ ಸರಿಹೋಗುತ್ತದೆ. ತಾನಾಗಿ ಸರಿಹೋಗುವ ಇಂಥ ದೋಷವನ್ನು ಹುಡುಕುವುದು ಬಹಳ ಕಷ್ಟ. ಪರಿಹಾರ ಸುಲಭ: ಸಂಖ್ಯೆಯ ಮುಂದೆ 1 ಸೇರಿಸಿ 100 ಕಳೆಯಿರಿ. 08 ಎಂಬುದು 108 ಆಗಿ, 8 ಉಳಿಯುತ್ತದೆ.

ನಿನ್ನೆಯ ದಿನಾಂಕ ಬೇಕಾದರೆ ದಿನದಿಂದ 1 ಕಳೆಯುವ ಗೋಜಿಗೆ ಹೋಗಬೇಡಿ. ಮಾರ್ಚ್ 1ರ ಹಿಂದಿನ ದಿನ ಫೆಬ್ರುವರಿ 28 ಅಥವಾ 29 ಆಗಬಹುದು. ಮೇಲಿನ ಸಾಲಿನ ಜೋಡಿ ಉದ್ಧರಣ ಚಿಹ್ನೆಯೊಳಗೆ ಇರುವುದರ ಬದಲು ‘(ಗೆಟ್-ಡೇಟ್).ಆಡ್‌ಡೇಸ್(-1).ಟುಸ್ಟ್ರಿಂಗ್(...)’ ಎಂದು ಬರೆದು, ಚುಕ್ಕೆಗಳ ಜಾಗದಲ್ಲಿ ಅದೇ ದಿನಾಂಕ ರೂಪವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಅಧಿಕ ವರ್ಷದ ಲೆಕ್ಕವೂ ಅದರಲ್ಲೇ ಸೇರಿಹೋಗುತ್ತದೆ.

ಕೊನೆಗೆ ಪರೀಕ್ಷೆ. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ದಿನಾಂಕದ ರೂಪವನ್ನು ಅಮೆರಿಕದ್ದಕ್ಕೆ ಬದಲಿಸಿ, ಹೊಸ ಕಮಾಂಡ್ ಪ್ರಾಂಪ್ಟ್ ತೆರೆದು ಬ್ಯಾಚ್ ಫೈಲನ್ನು ಮತ್ತೊಮ್ಮೆ ನಡೆಸಿ. ನಕಲಿನ ಹೆಸರು ಮೊದಲಿನಂತೆಯೇ ಬಂದಿದ್ದರೆ ಸೆಟ್ಟಿಂಗನ್ನು ಹಿಂದಿನ ಸ್ಥಿತಿಗೆ ತನ್ನಿ.