ಹೊಸ ವರ್ಡ್ ಫೈಲ್ ಹಳೇ ಕಂಪ್ಯೂಟರ್‌ನ್ಯಾಗ ತೆರೀಬೇಕಂದ್ರ ಹಿಂಗ ಮಾಡ್ರಿ

ಮೊನ್ನಿ ತಂಗಿ ಮದವಿ ಕಾರ್ಡಿನ ಮ್ಯಾಟರ್ ಪೆನ್‌ಡ್ರೈವ್‌ನ್ಯಾಗ ಹಾಕ್ಕೊಂಡು ಧಾರವಾಡದಾಗ ಒಂದ್ ಡಿಟಿಪಿ ಅಂಗಡಿಗೆ ಹೋದ್ವಿ, ಅಲ್ಲಿನ್ನೂ ವರ್ಡ್ 2003 ಐತ್ರಿ, ಫೈಲ್ ತೆರದ್ರ ಬರೇ ಡಬ್ಬಿ ಡಬ್ಬಿ, ಒಂದಕ್ಷರ ಓದಾಕ ಬರವಲ್ದು, ಮತ್ತ ಮನಿಗೆ ಬಂದು ಹೋಗೂದ್ರಾಗ ಅರ್ಧ ದಿನ ಹೋತು. 2007ರ ವರ್ಡ್‌ನಿಂದ ಫೈಲ್ ಡಾಕ್‌ಎಕ್ಸ್ ಅಂತ ಸೇವ್ ಆಗತೈತಿ, ಹಳೇದಕ್ಕ ಡಾಕ್ ಅಷ್ಟ ಗೊತ್ತು. ಅದಕ್ಕ ಕೊಡೂಕಿಂತ ಮೊದ್ಲ ಸೇವ್ ಆ್ಯಸ್‌ಗೆ ಹೋಗಿ ಟೈಪ್‌ನ್ಯಾಗ 'ವರ್ಡ್ 97-2003 ಡಾಕ್ಯುಮೆಂಟ್' ಆರಿಸ್ರಿ. ಹೆಸರಿನ ಕೊನೀ ಎಕ್ಸ್ ಅಳಿಸಿ ರೀನೇಮ್ ಮಾಡಿದ್ರ ಆಗಂಗಿಲ್ರಿ, ಭಾಳ ಮಂದಿ ಇದನ್ನ ಮಾಡ್ತಾರ, ಡಾಕ್‌ಎಕ್ಸ್ ಅಂದ್ರ ಒಳಗ ಜಿಪ್ ಗಂಟು, ಹೆಸರು ಬದಲಾದ್ರ ಗಂಟು ಬಿಚ್ಚಂಗಿಲ್ಲ. ಮೂಲ ಫೈಲ್ ಮಾತ್ರ ಬ್ಯಾರೆ ಇಟ್ಕೋರಿ, ಯಾಕಂದ್ರ ಡಾಕ್‌ಗೆ ಬದಲಿಸಿದಾಗ ಹೊಸ ಈಕ್ವೇಶನ್ ಎಲ್ಲಾ ಚಿತ್ರ ಆಗಿಬಿಡ್ತಾವ, ಅಲ್ಲಿ ತಿದ್ದಾಕ ಬರಂಗಿಲ್ಲ, ಸಾಲಿ ಮಾಸ್ತರು ಗಣಿತದ ಪ್ರಶ್ನೆಪತ್ರಿಕಿ ಕಳಸೂಮುಂದ ಇದನ್ನ ನೋಡ್ಕೋಬೇಕು.

ಇನ್ನ ಕನ್ನಡದ್ದು ಬ್ಯಾರೆನ ತ್ರಾಸು. ಕನ್ನಡ ಟೈಪ್ ಮಾಡೂ ತಂತ್ರಾಂಶ ನುಡಿಯ ಹಳೇ ಆಸ್ಕಿ ಫಾಂಟ್‌ನ್ಯಾಗ (ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡ ಅಕ್ಷರದ ಆಕಾರ ಕೂಡ್ಸಿದ್ದು) ಟೈಪ್ ಮಾಡಿದ್ರ ಅದ ಫಾಂಟ್ ಆ ಕಂಪ್ಯೂಟರ್‌ನ್ಯಾಗೂ ಇರಬೇಕ್ರಿ, ಇಲ್ಲಂದ್ರ ಇಂಗ್ಲಿಷ್ ಅಕ್ಷರ ಕಲಸಿ ಚೆಲ್ಲಿದಂಗ ಕಾಣತೈತಿ, ಫಾಂಟ್ ಫೈಲನ್ನೂ ಪೆನ್‌ಡ್ರೈವ್‌ನ್ಯಾಗ ಒಯ್ರಿ. ಪ್ರಿಂಟ್ ಅಷ್ಟ ಸಾಕಂದ್ರ ಪಿಡಿಎಫ್ ಮಾಡಿ ಕೊಟ್ಟುಬಿಡ್ರಿ.